ಡಬ್ಲಿನ್ ಬೇಡವೆಂದ ಯಂತ್ರ, ಸ್ಕಾಟ್ಲೆಂಡಿಗೆ ಒಲಿದ ಮಾರುಕಟ್ಟೆ

ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ನಡುವಿನ ಸಮುದ್ರ ಕಿರಿದಾದ ಕಡೆ ಸುಮಾರು 20 ಕಿಲೋಮೀಟರ್ ಅಗಲ, ಅಷ್ಟೆ. ಎರಡೂ ದಡಗಳಲ್ಲಿ ಅದೇ ಮಳೆ, ಅದೇ ಬಾರ್ಲಿ, ಅದೇ ತಾಮ್ರದ ಹಂಡೆ. ಆದರೆ 2022ರಲ್ಲಿ ಸ್ಕಾಟ್ಲೆಂಡ್ ಹೊರದೇಶಗಳಿಗೆ ಕಳಿಸಿದ ವಿಸ್ಕಿಯ ಬೆಲೆ ಸುಮಾರು 620 ಕೋಟಿ ಪೌಂಡ್. ಐರ್ಲೆಂಡಿನ ವಿಸ್ಕಿ ರಫ್ತು 100 ಕೋಟಿ ಯೂರೊ ಗಡಿ ದಾಟಿದ್ದೂ ಅದೇ ವರ್ಷ. ಇಷ್ಟು ದೊಡ್ಡ ಅಂತರ ಹುಟ್ಟಿದ್ದು ರುಚಿಯಿಂದಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ.

ಹತ್ತೊಂಬತ್ತನೇ ಶತಮಾನದಲ್ಲಿ ಮೇಲುಗೈ ಐರ್ಲೆಂಡಿನದಾಗಿತ್ತು. ಡಬ್ಲಿನ್‌ನ ಜಾನ್ ಜೇಮ್ಸನ್, ವಿಲಿಯಂ ಜೇಮ್ಸನ್, ಪವರ್ ಮತ್ತು ರೋ ಎಂಬ ನಾಲ್ಕು ಮನೆತನಗಳ ವಿಸ್ಕಿಗೆ ಲಂಡನ್ನಿನಲ್ಲೂ ಅಮೆರಿಕದಲ್ಲೂ ಬೇಡಿಕೆಯಿತ್ತು. ಮೊಳಕೆ ಬರಿಸಿದ ಬಾರ್ಲಿಯ ಜೊತೆ ಹಸಿ ಬಾರ್ಲಿಯನ್ನೂ ಬೆರೆಸಿ ದೊಡ್ಡ ಹಂಡೆಗಳಲ್ಲಿ ಇಳಿಸುತ್ತಿದ್ದ ಆ ವಿಸ್ಕಿಯೇ ಒಳ್ಳೆಯದಕ್ಕೆ ಅಳತೆಗೋಲು.

ಆಗ ಬಂದದ್ದು ಈನಿಯಸ್ ಕಾಫಿಯ ಯಂತ್ರ. ಐರ್ಲೆಂಡಿನಲ್ಲೇ ಅಬಕಾರಿ ಅಧಿಕಾರಿಯಾಗಿದ್ದ ಕಾಫಿ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎತ್ತರದ ಎರಡು ಗೋಪುರಗಳು. ಹುಳಿಬಂದ ಧಾನ್ಯದ ರಸ ಮೊದಲು ಎರಡನೇ ಗೋಪುರದೊಳಗಿನ ಕೊಳವೆಯಲ್ಲಿ ಹರಿದು, ಅಲ್ಲಿ ತುಂಬಿದ ಆವಿಯಿಂದಲೇ ಬಿಸಿಯಾಗುತ್ತದೆ. ಆಮೇಲೆ ಮೊದಲ ಗೋಪುರದ ನೆತ್ತಿಯಿಂದ ತೂತು ಕೊರೆದ ತಟ್ಟೆಗಳ ಮೇಲೆ ಸುರಿದು ಇಳಿಯುತ್ತದೆ. ಬುಡದಿಂದ ಏರುವ ಹಬೆ ಅದರಲ್ಲಿನ ಮದ್ಯಸಾರವನ್ನು ಹೀರಿಕೊಂಡು ಮೇಲೇರಿ, ಎರಡನೇ ಗೋಪುರದಲ್ಲಿ ತಣಿದು ದ್ರವವಾಗುತ್ತದೆ. ಹಂಡೆಯನ್ನು ಒಂದೊಂದು ಸಲವೂ ಬರಿದು ಮಾಡಿ, ತೊಳೆದು, ಮತ್ತೆ ತುಂಬುವ ಗೋಜಿಲ್ಲ. ಹಗಲೂ ರಾತ್ರಿ ಹರಿಯುತ್ತಲೇ ಇರಬಹುದು.

ಡಬ್ಲಿನ್ನಿನ ದೊಡ್ಡವರು ಇದನ್ನು ಒಪ್ಪಲಿಲ್ಲ. ಅದರಿಂದ ಬರುವುದು ಸಪ್ಪೆ, ಅದನ್ನು ವಿಸ್ಕಿ ಎಂದು ಕರೆಯಲೇಬಾರದು ಎಂಬುದು ಅವರ ಪಟ್ಟು. 1879ರಲ್ಲಿ ನಾಲ್ಕೂ ಮನೆತನಗಳು ಸೇರಿ ಈ ವಾದಕ್ಕೇ ಒಂದು ಪುಸ್ತಕ ಪ್ರಕಟಿಸಿದವು. ಸ್ಕಾಟ್ಲೆಂಡಿನವರು ಅದೇ ಯಂತ್ರದ ಹಗುರ ವಿಸ್ಕಿಗೆ ಹಂಡೆಯ ಗಡುಸು ವಿಸ್ಕಿ ಬೆರೆಸಿ, ಎಲ್ಲರ ನಾಲಿಗೆಗೂ ಒಗ್ಗುವ, ಅಗ್ಗದ, ವರ್ಷವರ್ಷವೂ ಒಂದೇ ರುಚಿಯ ಮಿಶ್ರಣ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಕೀಟ ತಿಂದುಹಾಕಿ ಬ್ರಾಂದಿಗೆ ಬರ ಬಂದಾಗ ಆ ಜಾಗ ತುಂಬಲು ಅವರ ಬಳಿ ಸರಕಿತ್ತು. 1909ರಲ್ಲಿ ಬ್ರಿಟನ್ನಿನ ರಾಯಲ್ ಕಮಿಷನ್ ಮಿಶ್ರಣವನ್ನೂ ವಿಸ್ಕಿಯೆಂದೇ ಒಪ್ಪಿತು. ಗುಣಮಟ್ಟದ ಬಗ್ಗೆ ಐರಿಷರು ಹೇಳಿದ್ದರಲ್ಲಿ ಹುರುಳಿತ್ತು. ಮಾರುಕಟ್ಟೆಯ ಬಗ್ಗೆ ಅವರ ಲೆಕ್ಕ ತಪ್ಪಿತ್ತು.

ಮುಂದಿನ ಪೆಟ್ಟುಗಳು ಒಂದರ ಬೆನ್ನಿಗೆ ಒಂದು ಬಿದ್ದವು. ಐರ್ಲೆಂಡಿನ ಸ್ವಾತಂತ್ರ್ಯ ಯುದ್ಧ, 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ, 1932ರಿಂದ ಬ್ರಿಟನ್ ಜೊತೆ ಸುಂಕದ ಸಮರ. 1966ರಲ್ಲಿ ಜೇಮ್ಸನ್, ಪವರ್ ಮತ್ತು ಕಾರ್ಕ್‌ನ ಕಂಪನಿ ಪೈಪೋಟಿ ಬಿಟ್ಟು ಒಂದಾಗಿ ಐರಿಷ್ ಡಿಸ್ಟಿಲರ್ಸ್ ಕಟ್ಟಿಕೊಂಡವು. ಎಪ್ಪತ್ತರ ದಶಕದ ನಡುವಿಗೆ ಇಡೀ ದ್ವೀಪದಲ್ಲಿ ಹೊಗೆಯಾಡುತ್ತಿದ್ದ ಡಿಸ್ಟಿಲರಿಗಳು ಎರಡೇ: ಮಿಡಲ್ಟನ್ ಮತ್ತು ಬುಷ್‌ಮಿಲ್ಸ್.

ವಿಸ್ಕಿಯಲ್ಲಿ ಒಮ್ಮೆ ಬಿದ್ದವರು ಬೇಗ ಏಳಲಾರರು. ಎರಡೂ ದೇಶಗಳ ಕಾನೂನಿನಂತೆ ಅದು ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಬೇಕು. ಹನ್ನೆರಡು ವರ್ಷದ ವಿಸ್ಕಿ ಮಾರಬೇಕೆಂದರೆ ಹನ್ನೆರಡು ವರ್ಷದ ಹಿಂದೆಯೇ ದುಡ್ಡು ಸುರಿದಿರಬೇಕು. ಜೊತೆಗೆ ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ನಮ್ಮ ಬೆಂಗಳೂರಿನ ಹವೆಯಲ್ಲಿ ಈ ನಷ್ಟ ಶೇ 10ನ್ನೂ ಮೀರಬಹುದು. ಹಾಗಿದ್ದೂ ಇಲ್ಲಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಆ ಧೈರ್ಯವನ್ನು ಮೆಚ್ಚದಿರಲಾಗದು.

ಐರ್ಲೆಂಡಿನ ದಿಕ್ಕು ತಿರುಗಿದ್ದು 1988ರಲ್ಲಿ, ಫ್ರಾನ್ಸಿನ ಪರ್ನೊ ರಿಕಾರ್ ಕಂಪನಿ ಐರಿಷ್ ಡಿಸ್ಟಿಲರ್ಸನ್ನು ಕೊಂಡಾಗ. ತನ್ನ ಮಾರಾಟ ಜಾಲವನ್ನೆಲ್ಲ ಅದು ಜೇಮ್ಸನ್ ಎಂಬ ಒಂದೇ ಹೆಸರಿನ ಹಿಂದೆ ನಿಲ್ಲಿಸಿತು. ಆಗ ವರ್ಷಕ್ಕೆ 5 ಲಕ್ಷ ಪೆಟ್ಟಿಗೆಯೂ ಹೋಗದಿದ್ದ ಜೇಮ್ಸನ್ 2022ರಲ್ಲಿ 1 ಕೋಟಿ ಪೆಟ್ಟಿಗೆ ದಾಟಿತು. 2015ರಲ್ಲಿ ಟೀಲಿಂಗ್ ಡಿಸ್ಟಿಲರಿ ತೆರೆದಾಗ ಡಬ್ಲಿನ್ ನಗರ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಹೊಸ ಡಿಸ್ಟಿಲರಿಯೊಂದನ್ನು ಕಂಡಿತು. ಈಗ ದ್ವೀಪದಲ್ಲಿ ನಲವತ್ತಕ್ಕೂ ಹೆಚ್ಚು ಡಿಸ್ಟಿಲರಿಗಳಿವೆ.

ಆದರೆ ಐರಿಷ್ ವಿಸ್ಕಿಯ ಅತಿ ದೊಡ್ಡ ಗಿರಾಕಿ ಅಮೆರಿಕ, ಅದರ ದೌರ್ಬಲ್ಯವೂ ಅಲ್ಲೇ ಇದೆ. 2025ರಲ್ಲಿ ಅಮೆರಿಕ ಐರೋಪ್ಯ ಒಕ್ಕೂಟದ ಸರಕಿಗೆ ಶೇ 15, ಬ್ರಿಟನ್ನಿನದಕ್ಕೆ ಶೇ 10 ಸುಂಕ ಹಾಕಿತು. ಒಂದೇ ದ್ವೀಪದಲ್ಲಿದ್ದರೂ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬುಷ್‌ಮಿಲ್ಸಿಗೆ ಆಗ ಒಂದು ದರ, ಒಕ್ಕೂಟದಲ್ಲಿರುವ ಐರ್ಲೆಂಡಿನ ಮಿಡಲ್ಟನ್ನಿಗೆ ಇನ್ನೊಂದು. ಅದೇ ವರ್ಷ ಮಿಡಲ್ಟನ್ ಕೆಲವು ತಿಂಗಳು ಉತ್ಪಾದನೆಯನ್ನೇ ನಿಲ್ಲಿಸಿತು.

ಸ್ಕಾಚ್ ಹಾಗಲ್ಲ, ನೂರಕ್ಕೂ ಹೆಚ್ಚು ದೇಶಗಳಲ್ಲಿ ಕಾಲೂರಿದೆ. ಬಾಟಲಿಗಳ ಎಣಿಕೆಯಲ್ಲಿ ಅದರ ಅತಿ ದೊಡ್ಡ ಮಾರುಕಟ್ಟೆ ಭಾರತ: 2024ರಲ್ಲಿ ಸುಮಾರು 19 ಕೋಟಿ ಬಾಟಲಿ. 2025ರ ಜುಲೈನಲ್ಲಿ ಸಹಿಬಿದ್ದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ ನಮ್ಮ ಶೇ 150ರ ಆಮದು ಸುಂಕ ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯಬೇಕು.