ದತ್ತಾಂಶ ಗಣಿಗಾರಿಕೆ

ದತ್ತಾಂಶ ಗಣಿಗಾರಿಕೆ ಎಂಬುದು ಬೃಹತ್ ಪ್ರಮಾಣದ ದತ್ತಾಂಶದಲ್ಲಿ ಅಡಗಿರುವ, ಮೊದಲೇ ತಿಳಿದಿರದ ಹಾಗೂ ಉಪಯುಕ್ತವಾದ ವಿನ್ಯಾಸಗಳನ್ನು ಗಣಕಯಂತ್ರದ ನೆರವಿನಿಂದ ಹುಡುಕಿ ತೆಗೆಯುವ ಪ್ರಕ್ರಿಯೆ. ಡೇಟಾ ಮೈನಿಂಗ್ ಎಂಬ ಹೆಸರೂ ಕನ್ನಡದಲ್ಲಿ ರೂಢಿಯಲ್ಲಿದೆ. ಸಂಖ್ಯಾಶಾಸ್ತ್ರ, ಯಂತ್ರ ಕಲಿಕೆ ಮತ್ತು ದತ್ತಸಂಚಯ ನಿರ್ವಹಣೆ ಎಂಬ ಮೂರು ಶಾಖೆಗಳ ವಿಧಾನಗಳನ್ನು ಇದು ಬಳಸಿಕೊಳ್ಳುತ್ತದೆ. ಬ್ಯಾಂಕುಗಳು, ಚಿಲ್ಲರೆ ವ್ಯಾಪಾರ ಸಂಸ್ಥೆಗಳು, ದೂರವಾಣಿ ಕಂಪನಿಗಳು, ಆಸ್ಪತ್ರೆಗಳು ಹಾಗೂ ಸರ್ಕಾರಿ ಇಲಾಖೆಗಳು ತಮ್ಮ ನಿರ್ಧಾರಗಳಿಗೆ ಇದನ್ನು ಆಧಾರವಾಗಿ ಬಳಸುತ್ತವೆ.

ಗಣಿಗಾರಿಕೆಗೆ ಒಳಪಡುವ ದತ್ತಾಂಶದ ಬಹುಪಾಲು ಬೇರೊಂದು ಕೆಲಸಕ್ಕಾಗಿ ಸಂಗ್ರಹವಾದದ್ದು. ಅಂಗಡಿಯ ಬಿಲ್ಲು ಹಣ ಪಡೆಯುವುದಕ್ಕಾಗಿ ಸಿದ್ಧವಾಗುತ್ತದೆ. ದೂರವಾಣಿ ಕರೆಯ ದಾಖಲೆ ಶುಲ್ಕ ಲೆಕ್ಕ ಹಾಕುವುದಕ್ಕಾಗಿ ಉಳಿಯುತ್ತದೆ. ಅದೇ ದಾಖಲೆಗೆ ಎರಡನೆಯ ಪ್ರಶ್ನೆಯನ್ನು ಕೇಳುವುದು ದತ್ತಾಂಶ ಗಣಿಗಾರಿಕೆಯ ವೈಶಿಷ್ಟ್ಯ. ಹೀಗೆ ದೊರೆತ ವಿನ್ಯಾಸವು ಕಳೆದ ಕಾಲದ ದಾಖಲೆಯನ್ನು ಆಧರಿಸಿದ ಊಹೆಯೇ ಹೊರತು ಸಿದ್ಧಸತ್ಯವಲ್ಲ. ಆದ್ದರಿಂದ ಅದನ್ನು ಪರೀಕ್ಷಿಸುವ ಕೆಲಸಕ್ಕೆ ಹುಡುಕುವ ಕೆಲಸದಷ್ಟೇ ಮಹತ್ವವಿದೆ.

ಹೆಸರು ಮತ್ತು ಅರ್ಥ

ಚಿನ್ನದ ಗಣಿಯಲ್ಲಿ ಬಂಡೆಯನ್ನು ಅಗೆದು ಚಿನ್ನವನ್ನು ತೆಗೆಯಲಾಗುತ್ತದೆ. ಇಲ್ಲಿ ಅಗೆಯುವುದು ದತ್ತಾಂಶವನ್ನು, ದೊರೆಯಬೇಕಾದುದು ಜ್ಞಾನ. ಈ ಹೋಲಿಕೆಯ ಪ್ರಕಾರ 'ಜ್ಞಾನ ಗಣಿಗಾರಿಕೆ' ಎಂಬ ಹೆಸರೇ ಹೆಚ್ಚು ಸೂಕ್ತವೆಂಬ ಅಭಿಪ್ರಾಯವಿದ್ದರೂ ಮೊದಲಿನ ಹೆಸರೇ ನೆಲೆಗೊಂಡಿದೆ.

ದತ್ತಸಂಚಯದಿಂದ ಬೇಕಾದ ಮಾಹಿತಿಯನ್ನು ಹೆಕ್ಕಿ ತೆಗೆಯುವುದೆಲ್ಲ ಗಣಿಗಾರಿಕೆಯಲ್ಲ. 'ಕಳೆದ ತಿಂಗಳು ಎಷ್ಟು ಗ್ರಾಹಕರು ಖಾತೆಯನ್ನು ಮುಚ್ಚಿದರು?' ಎಂಬ ಪ್ರಶ್ನೆಗೆ ಸಾಮಾನ್ಯ ಎಣಿಕೆ ಸಾಕು. 'ಮುಂದಿನ ತಿಂಗಳು ಖಾತೆ ಮುಚ್ಚಬಹುದಾದ ಗ್ರಾಹಕರು ಯಾರು? ಅವರಲ್ಲಿ ಕಾಣುವ ಸಮಾನ ಲಕ್ಷಣಗಳೇನು?' ಎಂಬ ಪ್ರಶ್ನೆಗಳು ದತ್ತಾಂಶ ಗಣಿಗಾರಿಕೆಯ ವ್ಯಾಪ್ತಿಗೆ ಬರುತ್ತವೆ.

ಇತಿಹಾಸ

ದತ್ತಾಂಶದಿಂದ ನಿಯಮಗಳನ್ನು ಕಂಡುಕೊಳ್ಳುವ ಪ್ರಯತ್ನ ಗಣಕಯಂತ್ರಕ್ಕಿಂತ ಹಳೆಯದು. ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಪ್ರಮೇಯ 1763ರಲ್ಲಿಯೂ ಲೆಜಾಂಡ್ರ್ ಅವರ ಕನಿಷ್ಠ ವರ್ಗಗಳ ವಿಧಾನ 1805ರಲ್ಲಿಯೂ ಪ್ರಕಟವಾದವು. ಇವೆರಡೂ ಇಂದಿಗೂ ಈ ಕ್ಷೇತ್ರದ ಬುನಾದಿಯಲ್ಲಿವೆ.

1960ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರು ಪೂರ್ವಕಲ್ಪನೆಯಿಲ್ಲದೆ ದತ್ತಾಂಶವನ್ನು ಜಾಲಾಡುವ ಪದ್ಧತಿಯನ್ನು 'ದತ್ತಾಂಶದಲ್ಲಿ ಮೀನು ಹಿಡಿಯುವುದು' ಎಂದು ಟೀಕಿಸುತ್ತಿದ್ದರು. ಸಾಕಷ್ಟು ಹೊತ್ತು ಬಲೆ ಬೀಸಿದರೆ ಯಾವುದಾದರೊಂದು ಸಂಬಂಧ ಆಕಸ್ಮಿಕವಾಗಿಯಾದರೂ ಸಿಕ್ಕೇ ಸಿಗುತ್ತದೆ ಎಂಬುದು ಆ ಟೀಕೆಯ ತಿರುಳು. ದತ್ತಸಂಚಯಗಳು ಬೆಳೆದು, ಸಂಗ್ರಹಣೆಯ ವೆಚ್ಚ ಇಳಿದಂತೆ ಇದೇ ಕೆಲಸ ಶಾಸ್ತ್ರೀಯ ರೂಪ ಪಡೆಯಿತು. 1989ರಲ್ಲಿ ಗ್ರೆಗರಿ ಪಿಯಾಟೆಟ್ಸ್ಕಿ-ಶಪಿರೊ ಅವರು ಡೆಟ್ರಾಯಿಟ್ ನಗರದಲ್ಲಿ ದತ್ತಸಂಚಯಗಳಲ್ಲಿ ಜ್ಞಾನಾನ್ವೇಷಣೆ ಎಂಬ ವಿಷಯದ ಮೊದಲ ಕಾರ್ಯಾಗಾರವನ್ನು ಏರ್ಪಡಿಸಿದರು. ಈ ವಿಷಯದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 1995ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಯಿತು.

1993ರಲ್ಲಿ ಐಬಿಎಂ ಸಂಸ್ಥೆಯ ಆಲ್ಮಡೆನ್ ಸಂಶೋಧನಾ ಕೇಂದ್ರದ ರಾಕೇಶ್ ಅಗ್ರವಾಲ್ ಮತ್ತು ಸಂಗಡಿಗರು ಸಾಹಚರ್ಯ ನಿಯಮಗಳ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಮರುವರ್ಷ ಅಗ್ರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಅವರು ಮಂಡಿಸಿದ ಅಪ್ರಿಯೋರಿ ಅಲ್ಗಾರಿದಮ್ ಈ ಕ್ಷೇತ್ರದ ಅತಿ ಪ್ರಸಿದ್ಧ ವಿಧಾನಗಳಲ್ಲೊಂದಾಯಿತು.

ಪ್ರಕ್ರಿಯೆಯ ಹಂತಗಳು

ಉದ್ಯಮಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕಾರ್ಯವಿಧಾನ ಕ್ರಿಸ್ಪ್-ಡಿಎಂ. 1996ರಲ್ಲಿ ಯೂರೋಪಿನ ಕೆಲವು ಕಂಪನಿಗಳು ಸೇರಿ ಇದನ್ನು ರೂಪಿಸತೊಡಗಿದವು. ಇದರಲ್ಲಿ ಆರು ಹಂತಗಳಿವೆ:

1. ಉದ್ದೇಶದ ಗ್ರಹಿಕೆ: ಸಂಸ್ಥೆಗೆ ಉತ್ತರ ಬೇಕಾಗಿರುವ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳುವುದು.
2. ದತ್ತಾಂಶದ ಗ್ರಹಿಕೆ: ಲಭ್ಯವಿರುವ ದಾಖಲೆಗಳು, ಅವುಗಳ ಮೂಲ ಮತ್ತು ಕೊರತೆಗಳನ್ನು ಅರಿಯುವುದು.
3. ದತ್ತಾಂಶದ ಸಿದ್ಧತೆ: ಬಿಟ್ಟುಹೋದ ಮೌಲ್ಯ, ಪುನರಾವರ್ತನೆ ಮತ್ತು ತಪ್ಪುಗಳನ್ನು ಸರಿಪಡಿಸುವುದು.
4. ಮಾದರಿ ರಚನೆ: ಸೂಕ್ತ ಅಲ್ಗಾರಿದಮ್ ಬಳಸಿ ವಿನ್ಯಾಸಗಳನ್ನು ಹುಡುಕುವುದು.
5. ಮೌಲ್ಯಮಾಪನ: ಫಲಿತಾಂಶವು ಮೂಲ ಪ್ರಶ್ನೆಗೆ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸುವುದು.
6. ಅಳವಡಿಕೆ: ಮಾದರಿಯನ್ನು ದೈನಂದಿನ ಕೆಲಸದಲ್ಲಿ ಬಳಕೆಗೆ ತರುವುದು.

ಈ ಹಂತಗಳು ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಹಿಂದಿನ ಹಂತಕ್ಕೆ ಮರಳುವುದು ಸಾಮಾನ್ಯ. ಮೂರನೆಯ ಹಂತ ಸಾಮಾನ್ಯವಾಗಿ ಅತಿ ಹೆಚ್ಚು ಸಮಯ ಬೇಡುತ್ತದೆ. ಒಬ್ಬನೇ ವ್ಯಕ್ತಿಯ ಹೆಸರನ್ನು ಒಂದು ದಾಖಲೆಯಲ್ಲಿ 'ಕೆ. ರಾಮಪ್ಪ', ಇನ್ನೊಂದರಲ್ಲಿ 'ರಾಮಪ್ಪ ಕೆ.' ಎಂದು ಬರೆದಿದ್ದರೆ ಗಣಕಯಂತ್ರ ಅವರನ್ನು ಇಬ್ಬರೆಂದು ಎಣಿಸುತ್ತದೆ. ಇಂತಹ ದೋಷಗಳು ಉಳಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಪ್ರಮುಖ ತಂತ್ರಗಳು

ವರ್ಗೀಕರಣ: ವರ್ಗ ಮೊದಲೇ ತಿಳಿದಿರುವ ಉದಾಹರಣೆಗಳಿಂದ ಕಲಿತು, ಹೊಸ ದಾಖಲೆ ಯಾವ ವರ್ಗಕ್ಕೆ ಸೇರುತ್ತದೆಂದು ಊಹಿಸುವ ವಿಧಾನ. ಸಾಲದ ಅರ್ಜಿಯನ್ನು 'ಮರುಪಾವತಿಯಾಗಬಹುದು' ಅಥವಾ 'ಬಾಕಿ ಉಳಿಯಬಹುದು' ಎಂದು ವಿಂಗಡಿಸುವುದು ಇದಕ್ಕೆ ನಿದರ್ಶನ. ನಿರ್ಣಯ ವೃಕ್ಷವು ಇದರ ಸರಳ ರೂಪ. ಅದು 'ಆದಾಯ ಇಷ್ಟಕ್ಕಿಂತ ಹೆಚ್ಚಿದೆಯೇ?', 'ಹಿಂದಿನ ಸಾಲ ತೀರಿದೆಯೇ?' ಎಂಬಂತಹ ಪ್ರಶ್ನೆಗಳ ಕವಲುಗಳನ್ನು ರಚಿಸುತ್ತದೆ. ನಿರ್ಧಾರದ ಕಾರಣವನ್ನು ಓದಿ ತಿಳಿಯಲು ಸಾಧ್ಯವಿರುವುದು ಇದರ ಹೆಚ್ಚುಗಾರಿಕೆ. ರಾಸ್ ಕ್ವಿನ್ಲನ್ ಅವರು 1986ರಲ್ಲಿ ಪ್ರಕಟಿಸಿದ ಐಡಿ3 ಮತ್ತು 1993ರ ಸಿ4.5 ಇದರ ಹೆಸರಾಂತ ಅಲ್ಗಾರಿದಮ್‌ಗಳು.

ಗುಂಪು ವಿಂಗಡಣೆ: ವರ್ಗಗಳು ಮೊದಲೇ ತಿಳಿದಿರದಿದ್ದಾಗ, ಪರಸ್ಪರ ಹೋಲುವ ದಾಖಲೆಗಳನ್ನು ಒಟ್ಟುಗೂಡಿಸುವ ವಿಧಾನ. ಕೆ-ಮೀನ್ಸ್ ಅಲ್ಗಾರಿದಮ್ ಪ್ರತಿ ಗುಂಪಿಗೂ ಒಂದು ಕೇಂದ್ರವನ್ನು ಗುರುತಿಸಿ, ಪ್ರತಿ ದಾಖಲೆಯನ್ನು ಹತ್ತಿರದ ಕೇಂದ್ರಕ್ಕೆ ಸೇರಿಸಿ, ಗುಂಪುಗಳು ಸ್ಥಿರಗೊಳ್ಳುವವರೆಗೆ ಕೇಂದ್ರಗಳನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಎಷ್ಟು ಗುಂಪುಗಳು ಬೇಕೆಂಬುದನ್ನು ವಿಶ್ಲೇಷಕರೇ ನಿರ್ಧರಿಸಬೇಕು.

ಸಾಹಚರ್ಯ ನಿಯಮ: ಯಾವ ಸಂಗತಿಗಳು ಒಟ್ಟಿಗೆ ಕಂಡುಬರುತ್ತವೆ ಎಂಬುದನ್ನು ಹುಡುಕುವ ವಿಧಾನ. ಒಂದು ದಿನಸಿ ಅಂಗಡಿಯ 1,000 ಬಿಲ್ಲುಗಳಲ್ಲಿ 200ರಲ್ಲಿ ಕಾಫಿಪುಡಿ, 500ರಲ್ಲಿ ಸಕ್ಕರೆ, 150ರಲ್ಲಿ ಎರಡೂ ಇವೆಯೆಂದು ಭಾವಿಸಬಹುದು. ಎರಡೂ ಇರುವ ಬಿಲ್ಲುಗಳ ಪಾಲು, ಅಂದರೆ ಶೇ. 15, ಈ ನಿಯಮದ 'ಬೆಂಬಲ'. ಕಾಫಿಪುಡಿ ಕೊಂಡವರಲ್ಲಿ ಸಕ್ಕರೆಯನ್ನೂ ಕೊಂಡವರ ಪಾಲು, ಅಂದರೆ ಶೇ. 75, ಅದರ 'ವಿಶ್ವಾಸ'. ಒಟ್ಟು ಗ್ರಾಹಕರಲ್ಲಿ ಸಕ್ಕರೆ ಕೊಳ್ಳುವವರು ಶೇ. 50 ಮಾತ್ರ ಇರುವುದರಿಂದ, ಕಾಫಿಪುಡಿ ಕೊಂಡವರು ಸಕ್ಕರೆ ಕೊಳ್ಳುವ ಸಾಧ್ಯತೆ ಸರಾಸರಿಗಿಂತ 1.5 ಪಟ್ಟು ಹೆಚ್ಚು. ಈ ಅನುಪಾತಕ್ಕೆ ಲಿಫ್ಟ್ ಎಂದು ಹೆಸರು. ಅದೇ ಅಂಗಡಿಯಲ್ಲಿ 800 ಬಿಲ್ಲುಗಳಲ್ಲಿ ಹಾಲು, 100ರಲ್ಲಿ ಬ್ರೆಡ್ಡು, 80ರಲ್ಲಿ ಎರಡೂ ಇದ್ದರೆ ಬ್ರೆಡ್ಡಿನಿಂದ ಹಾಲಿನೆಡೆಗಿನ ವಿಶ್ವಾಸ ಶೇ. 80. ಈ ಅಂಕಿ ಮೊದಲಿನದಕ್ಕಿಂತ ದೊಡ್ಡದಾಗಿ ಕಂಡರೂ ಎಲ್ಲ ಗ್ರಾಹಕರಲ್ಲಿಯೂ ಶೇ. 80 ಮಂದಿ ಹಾಲು ಕೊಳ್ಳುವುದರಿಂದ ಇಲ್ಲಿ ಲಿಫ್ಟ್ 1 ಮಾತ್ರ. ಅಂದರೆ ಎರಡರ ನಡುವೆ ವಿಶೇಷ ಸಂಬಂಧವೇನೂ ಇಲ್ಲ.

ರಿಗ್ರೆಷನ್ ವಿಶ್ಲೇಷಣೆ: ವರ್ಗದ ಬದಲು ಸಂಖ್ಯೆಯನ್ನು ಅಂದಾಜಿಸುವ ವಿಧಾನ. ಮುಂದಿನ ತಿಂಗಳ ಮಾರಾಟ, ವಿದ್ಯುತ್ ಬೇಡಿಕೆ ಮತ್ತು ಮನೆಯ ಬೆಲೆಯ ಅಂದಾಜಿಗೆ ಇದು ಬಳಕೆಯಾಗುತ್ತದೆ.

ಅಸಹಜತೆಯ ಪತ್ತೆ: ಉಳಿದವುಗಳಿಗಿಂತ ತೀರ ಭಿನ್ನವಾದ ದಾಖಲೆಗಳನ್ನು ಗುರುತಿಸುವ ವಿಧಾನ. ಒಂದೇ ಕಾರ್ಡಿನಿಂದ ಅಲ್ಪಾವಧಿಯಲ್ಲಿ ದೂರದೂರದ ಎರಡು ನಗರಗಳಲ್ಲಿ ಹಣ ಪಾವತಿಯಾದರೆ ಅದು ವಂಚನೆಯ ಸುಳಿವಾಗಬಹುದು.

ಸಂಸ್ಥೆಗಳಲ್ಲಿ ಅನ್ವಯ

ವ್ಯಾಪಾರ: ಸರಕು ಸಂಗ್ರಹಣೆ, ಕಪಾಟುಗಳ ಜೋಡಣೆ ಮತ್ತು ರಿಯಾಯಿತಿಗಳ ಯೋಜನೆಗೆ ಬಿಲ್ಲುಗಳ ವಿಶ್ಲೇಷಣೆ ನೆರವಾಗುತ್ತದೆ. ಅಮೆಜಾನ್ ಸಂಸ್ಥೆಯ ತಂತ್ರಜ್ಞರು 2003ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ತಮ್ಮ ಶಿಫಾರಸು ವ್ಯವಸ್ಥೆಯನ್ನು ವಿವರಿಸಿದ್ದಾರೆ. ಅದು ಗ್ರಾಹಕರನ್ನು ಗ್ರಾಹಕರೊಂದಿಗೆ ಹೋಲಿಸುವ ಬದಲು ವಸ್ತುವನ್ನು ವಸ್ತುವಿನೊಂದಿಗೆ ಹೋಲಿಸುತ್ತದೆ. ಈ ಹೋಲಿಕೆಗಳನ್ನು ಮುಂಚಿತವಾಗಿ ಲೆಕ್ಕ ಹಾಕಿಡಬಹುದಾದ್ದರಿಂದ ಕೋಟ್ಯಂತರ ಗ್ರಾಹಕರಿದ್ದರೂ ಶಿಫಾರಸು ತಡವಾಗುವುದಿಲ್ಲ.

ಬ್ಯಾಂಕಿಂಗ್: ಸಾಲದ ಅಪಾಯದ ಅಂದಾಜು ಮತ್ತು ವಂಚನೆಯ ಪತ್ತೆ ಇಲ್ಲಿನ ಮುಖ್ಯ ಬಳಕೆಗಳು. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್, ವಂಚನೆಯ ಹಣವನ್ನು ಸಾಗಿಸಲು ಬಳಕೆಯಾಗುವ ಬಾಡಿಗೆ ಖಾತೆಗಳನ್ನು ಗುರುತಿಸಲು ಮ್ಯೂಲ್‌ಹಂಟರ್ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಇದರ ಕುರಿತು ಪ್ರಕಟಣೆ ನೀಡಿತು.

ಆರೋಗ್ಯ: ಸ್ವೀಡನ್ನಿನ ಉಪ್ಸಾಲಾದಲ್ಲಿರುವ ನಿಗಾ ಕೇಂದ್ರವು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಔಷಧಿಗಳ ಅಡ್ಡಪರಿಣಾಮಗಳ ವರದಿಗಳನ್ನು ಹಲವು ದೇಶಗಳಿಂದ ಸಂಗ್ರಹಿಸುತ್ತದೆ. ಯಾವುದಾದರೂ ಔಷಧಿಯೊಂದಿಗೆ ಒಂದು ರೋಗಲಕ್ಷಣ ನಿರೀಕ್ಷೆಗಿಂತ ಹೆಚ್ಚಾಗಿ ವರದಿಯಾಗಿದ್ದರೆ ಗಣಕಯಂತ್ರ ಅದನ್ನು ಎತ್ತಿ ತೋರಿಸುತ್ತದೆ. ಈ ಸುಳಿವುಗಳನ್ನು ತಜ್ಞರು ಪ್ರತ್ಯೇಕವಾಗಿ ಪರಿಶೀಲಿಸಿದ ನಂತರವೇ ಎಚ್ಚರಿಕೆ ಹೊರಬೀಳುತ್ತದೆ.

ದೂರಸಂಪರ್ಕ: ಸೇವೆಯನ್ನು ತೊರೆಯಬಹುದಾದ ಗ್ರಾಹಕರನ್ನು ಮುಂಚಿತವಾಗಿ ಗುರುತಿಸಲು ಕರೆಗಳ ಪ್ರಮಾಣ, ದೂರುಗಳು ಮತ್ತು ಪಾವತಿಯ ದಾಖಲೆಗಳನ್ನು ವಿಶ್ಲೇಷಿಸಲಾಗುತ್ತದೆ.

ಫಲಿತಾಂಶದ ಪರೀಕ್ಷೆ

ಮಾದರಿಯನ್ನು ರಚಿಸಿದ ದತ್ತಾಂಶದಿಂದಲೇ ಅದನ್ನು ಪರೀಕ್ಷಿಸುವುದು ಸರಿಯಾದ ಕ್ರಮವಲ್ಲ. ವಿದ್ಯಾರ್ಥಿಯು ಹಳೆಯ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಬಾಯಿಪಾಠ ಮಾಡಿದಂತೆ, ಮಾದರಿಯು ಹಳೆಯ ದಾಖಲೆಯ ಆಕಸ್ಮಿಕ ವಿವರಗಳನ್ನೂ ನಿಯಮವೆಂದು ಕಲಿಯಬಹುದು. ಇದಕ್ಕೆ ಅತಿಹೊಂದಿಕೆ ಎನ್ನುತ್ತಾರೆ. ಇದನ್ನು ಪತ್ತೆ ಹಚ್ಚಲು ದತ್ತಾಂಶದ ಒಂದು ಭಾಗವನ್ನು ಪರೀಕ್ಷೆಗೆಂದು ಬದಿಗಿರಿಸಲಾಗುತ್ತದೆ.

ನಿಖರತೆಯ ಶೇಕಡಾವಾರು ಅಂಕಿಯೂ ದಾರಿ ತಪ್ಪಿಸಬಲ್ಲದು. 1,00,000 ವ್ಯವಹಾರಗಳಲ್ಲಿ 100 ಮಾತ್ರ ವಂಚನೆಯವಾಗಿದ್ದರೆ, 'ಎಲ್ಲವೂ ಪ್ರಾಮಾಣಿಕ' ಎನ್ನುವ ನಿರುಪಯುಕ್ತ ಮಾದರಿಯೂ ಶೇ. 99.9 ನಿಖರವೆನಿಸುತ್ತದೆ. ಇನ್ನೊಂದು ಮಾದರಿ 100 ವಂಚನೆಗಳಲ್ಲಿ 99ನ್ನು ಹಿಡಿದು, ಪ್ರಾಮಾಣಿಕ ವ್ಯವಹಾರಗಳಲ್ಲಿ ಶೇ. 1ನ್ನು ಮಾತ್ರ ತಪ್ಪಾಗಿ ಶಂಕಿಸುತ್ತದೆಂದು ಭಾವಿಸಬಹುದು. ಆಗ ಶಂಕೆಗೆ ಒಳಗಾಗುವ ಪ್ರಾಮಾಣಿಕ ವ್ಯವಹಾರಗಳು 999. ಅಂದರೆ ಒಟ್ಟು 1,098 ಶಂಕಿತ ವ್ಯವಹಾರಗಳಲ್ಲಿ ನಿಜವಾದ ವಂಚನೆ ಸುಮಾರು ಶೇ. 9 ಮಾತ್ರ. ಶಂಕೆ ಬಂದ ಕೂಡಲೇ ಖಾತೆಯನ್ನು ಸ್ಥಗಿತಗೊಳಿಸಿದರೆ ತೊಂದರೆಗೊಳಗಾಗುವವರಲ್ಲಿ ಹೆಚ್ಚಿನವರು ನಿರಪರಾಧಿಗಳೇ ಆಗಿರುತ್ತಾರೆ.

ಮಿತಿಗಳು ಮತ್ತು ವೈಫಲ್ಯಗಳು

ಜೊತೆಯಲ್ಲಿ ಕಂಡುಬರುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಿರಲೇಬೇಕೆಂದಿಲ್ಲ. ಗೂಗಲ್ ಸಂಸ್ಥೆ 2008ರಲ್ಲಿ ಜನರ ಹುಡುಕಾಟದ ಪದಗಳಿಂದ ಫ್ಲೂ ಜ್ವರದ ಹರಡುವಿಕೆಯನ್ನು ಅಂದಾಜಿಸುವ ಸೇವೆಯನ್ನು ಆರಂಭಿಸಿತು. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, 2011ರ ಆಗಸ್ಟ್‌ನಿಂದ ಮುಂದಿನ 108 ವಾರಗಳಲ್ಲಿ 100 ವಾರ ಆ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತು. ಜ್ವರದ ಬಗ್ಗೆ ಹುಡುಕುವವರೆಲ್ಲ ಜ್ವರಪೀಡಿತರಲ್ಲ. ಹುಡುಕಾಟದ ರೂಢಿಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಹಳೆಯ ದಾಖಲೆಗಳಲ್ಲಿ ಪಕ್ಷಪಾತವಿದ್ದರೆ ಮಾದರಿಯೂ ಅದನ್ನೇ ಕಲಿಯುತ್ತದೆ. ನೆದರ್ಲೆಂಡ್ಸಿನ ತೆರಿಗೆ ಇಲಾಖೆಯು ಮಕ್ಕಳ ಪಾಲನಾ ಭತ್ಯೆಯ ಅರ್ಜಿಗಳಲ್ಲಿ ವಂಚನೆಯ ಅಪಾಯವನ್ನು ಅಳೆಯಲು ಬಳಸಿದ ಮಾದರಿಯಲ್ಲಿ ಅರ್ಜಿದಾರರಿಗೆ ಡಚ್ ಪೌರತ್ವವಿದೆಯೇ ಎಂಬುದೂ ಒಂದು ಅಂಶವಾಗಿತ್ತು. ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ 2020ರಲ್ಲಿ ಇದನ್ನು ಕಾನೂನುಬಾಹಿರ ಹಾಗೂ ತಾರತಮ್ಯದ ಕ್ರಮವೆಂದು ನಿರ್ಣಯಿಸಿತು. ಭತ್ಯೆಯ ಹಗರಣದಲ್ಲಿ ಸಾವಿರಾರು ಕುಟುಂಬಗಳು ವಂಚನೆಯ ತಪ್ಪು ಆರೋಪ ಹೊತ್ತು, ಪಡೆದ ಹಣವನ್ನು ಹಿಂದಿರುಗಿಸಬೇಕಾಗಿ ಬಂದು ಸಾಲದಲ್ಲಿ ಮುಳುಗಿದವು. 2021ರ ಜನವರಿ 15ರಂದು ಮಾರ್ಕ್ ರುಟ್ಟೆ ಅವರ ಸಚಿವ ಸಂಪುಟ ರಾಜೀನಾಮೆ ನೀಡಿತು.

ಖಾಸಗಿತನ ಮತ್ತು ಕಾನೂನು

ಹೆಸರನ್ನು ಅಳಿಸಿದ ಮಾತ್ರಕ್ಕೆ ದತ್ತಾಂಶ ಅನಾಮಧೇಯವಾಗುವುದಿಲ್ಲ. ನೆಟ್‌ಫ್ಲಿಕ್ಸ್ ಸಂಸ್ಥೆ 2006ರಲ್ಲಿ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಗಾಗಿ ಸುಮಾರು 4,80,000 ಚಂದಾದಾರರು ಚಲನಚಿತ್ರಗಳಿಗೆ ನೀಡಿದ 10 ಕೋಟಿಗೂ ಹೆಚ್ಚು ಅಂಕಗಳನ್ನು ಹೆಸರಿಲ್ಲದೆ ಬಿಡುಗಡೆ ಮಾಡಿತು. ಶಿಫಾರಸುಗಳ ನಿಖರತೆಯನ್ನು ಶೇ. 10ರಷ್ಟು ಹೆಚ್ಚಿಸಿದ ತಂಡಕ್ಕೆ 2009ರಲ್ಲಿ ಬಹುಮಾನ ದೊರೆಯಿತು. ಆದರೆ ಅದಕ್ಕೂ ಮೊದಲೇ ಟೆಕ್ಸಾಸ್ ವಿಶ್ವವಿದ್ಯಾಲಯದ ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಅವರು, ಐಎಂಡಿಬಿ ಜಾಲತಾಣದ ಬಹಿರಂಗ ವಿಮರ್ಶೆಗಳೊಂದಿಗೆ ಹೋಲಿಸಿ ಕೆಲವು ಚಂದಾದಾರರನ್ನು ಗುರುತಿಸಬಹುದೆಂದು ತೋರಿಸಿದ್ದರು. ಉದ್ದೇಶಿತ ಎರಡನೆಯ ಸ್ಪರ್ಧೆಯನ್ನು ಸಂಸ್ಥೆ 2010ರಲ್ಲಿ ಕೈಬಿಟ್ಟಿತು.

2018ರ ಮೇ 25ರಿಂದ ಜಾರಿಯಲ್ಲಿರುವ ಯೂರೋಪ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮಾವಳಿಯು, ವ್ಯಕ್ತಿಯ ಮೇಲೆ ಗಂಭೀರ ಪರಿಣಾಮ ಬೀರುವ ನಿರ್ಧಾರಗಳನ್ನು ಕೇವಲ ಯಂತ್ರದಿಂದ ಕೈಗೊಳ್ಳುವುದಕ್ಕೆ ಮಿತಿ ವಿಧಿಸುತ್ತದೆ. ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ನೀಡಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಈ ಪ್ರಕರಣವನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ವ್ಯಕ್ತಿಯ ಸಮ್ಮತಿಯ ಮೇರೆಗೆ ಪಡೆದ ದತ್ತಾಂಶವನ್ನು ತಿಳಿಸಿದ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬುದು ಇದರ ಪ್ರಧಾನ ತತ್ತ್ವಗಳಲ್ಲೊಂದು. ಒಂದು ಉದ್ದೇಶಕ್ಕೆ ಸಂಗ್ರಹಿಸಿದ ದಾಖಲೆಯನ್ನು ಇನ್ನೊಂದಕ್ಕೆ ಬಳಸುವುದೇ ದತ್ತಾಂಶ ಗಣಿಗಾರಿಕೆಯ ಸ್ವಭಾವವಾದ್ದರಿಂದ ಈ ತತ್ತ್ವ ಸಂಸ್ಥೆಗಳ ಕಾರ್ಯವಿಧಾನಕ್ಕೆ ನೇರವಾಗಿ ಸಂಬಂಧಿಸಿದೆ.

ತಂತ್ರಾಂಶಗಳು

ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ವೀಕಾ, ಸ್ಲೊವೇನಿಯಾದ ಲ್ಯುಬ್ಲ್ಯಾನಾ ವಿಶ್ವವಿದ್ಯಾಲಯದ ಆರೆಂಜ್, ಆರ್ ಭಾಷೆ ಹಾಗೂ ಪೈಥಾನ್ ಭಾಷೆಯ ಸೈಕಿಟ್-ಲರ್ನ್ ಮುಕ್ತವಾಗಿ ಲಭ್ಯವಿರುವ ಜನಪ್ರಿಯ ಸಾಧನಗಳು. ಎಸ್‌ಎಎಸ್ ಮತ್ತು ಐಬಿಎಂ ಸಂಸ್ಥೆಗಳ ವಾಣಿಜ್ಯ ತಂತ್ರಾಂಶಗಳೂ ಬಳಕೆಯಲ್ಲಿವೆ.