ವಿವಾದಿತ ಚುನಾವಣೆ, ವಿದೇಶಗಳ ಮಾನ್ಯತೆ ಮತ್ತು ನಮ್ಮ ವ್ಯಾಪಾರ

ಯಾವುದೇ ದೇಶದಲ್ಲಿ ಚುನಾವಣೆ ಮುಗಿದೊಡನೆ ಗೆದ್ದವರಿಗೆ ಅನ್ಯ ರಾಷ್ಟ್ರಗಳ ಮುಖ್ಯಸ್ಥರಿಂದ ಅಭಿನಂದನಾ ಸಂದೇಶಗಳು ಹೋಗುವುದು ವಾಡಿಕೆ. ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲುಗಳಲ್ಲಿ ಅಚ್ಚಾಗುವ ಈ ಸುದ್ದಿಯನ್ನು ಕೇವಲ ಶಿಷ್ಟಾಚಾರವೆಂದು ಬಗೆದು ನಮ್ಮ ವರ್ತಕರು ಪುಟ ತಿರುವುವುದೇ ಹೆಚ್ಚು. ಫಲಿತಾಂಶವನ್ನು ಎಲ್ಲರೂ ಒಪ್ಪಿದಾಗ ಅದು ಶಿಷ್ಟಾಚಾರವೇ ಸರಿ. ಆದರೆ ಒಂದೇ ಗಾದಿಗೆ ಇಬ್ಬರು ಹಕ್ಕು ಸಾರಿದಾಗ ಸಂದೇಶ ಯಾರ ಹೆಸರಿಗೆ ಹೋಯಿತು, ಎಂದು ಹೋಯಿತು, ಅದರಲ್ಲಿ ಯಾವ ಶಬ್ದ ಬಳಕೆಯಾಯಿತು ಎಂಬ ಸಂಗತಿಗಳು ಸರಕಿನ ಭವಿಷ್ಯವನ್ನೇ ನಿರ್ಧರಿಸಬಲ್ಲವು. ಆ ದೇಶದ ಖಜಾನೆಯ ಮೇಲೆ ಯಾರ ಸಹಿ ನಡೆಯುತ್ತದೆ, ಬಂದರಿಗೆ ಹಡಗು ಬರುತ್ತದೆಯೋ ಇಲ್ಲವೋ, ಬ್ಯಾಂಕು ಬಾಗಿಲು ತೆರೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ಹೊರಡುತ್ತದೆ. ಈ ರಾಜತಾಂತ್ರಿಕ ಕ್ರಮ ಹೇಗೆ ನಡೆಯುತ್ತದೆ, ಅದನ್ನು ವರ್ತಕನು ಹೇಗೆ ಓದಬೇಕು ಎಂಬುದನ್ನು ಸದಸ್ಯ ಬಾಂಧವರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಮಾತಿನ ಮೆಟ್ಟಿಲುಗಳು

ರಾಜತಾಂತ್ರಿಕ ಭಾಷೆಯಲ್ಲಿ ಪ್ರತಿ ಶಬ್ದಕ್ಕೂ ತೂಕವಿದೆ. ಅತ್ಯಂತ ಪೂರ್ಣವಾದ ಸಮ್ಮತಿಯೆಂದರೆ ಗೆದ್ದವರ ಹೆಸರು ಹಿಡಿದು ಕಳುಹಿಸುವ ಅಭಿನಂದನೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ವ್ಯಕ್ತಿಯ ಹೆಸರೆತ್ತದೆ ಮತದಾನ ಶಾಂತಿಯುತವಾಗಿ ನಡೆದುದಕ್ಕೆ ಆ ದೇಶದ ಜನತೆಯನ್ನು ಅಭಿನಂದಿಸುವುದು. ಮೂರನೆಯದು, ಫಲಿತಾಂಶವನ್ನು ‘ಗಮನಿಸಿದ್ದೇವೆ’ ಎಂದಷ್ಟೇ ಹೇಳುವುದು. ಇದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ನಾಲ್ಕನೆಯದು, ಆಕ್ಷೇಪಗಳ ತನಿಖೆಯಾಗಲಿ, ಮತಗಳ ಮರು ಎಣಿಕೆಯಾಗಲಿ, ಉಭಯ ಪಕ್ಷಗಳು ಮಾತುಕತೆ ನಡೆಸಲಿ ಎಂಬ ಸಲಹೆ. ಕಡೆಯ ಮೆಟ್ಟಿಲಿನಲ್ಲಿ ಫಲಿತಾಂಶವನ್ನು ಒಪ್ಪುವುದಿಲ್ಲವೆಂಬ ಸ್ಪಷ್ಟ ನುಡಿ, ಅದರ ಬೆನ್ನಿಗೆ ಪ್ರಯಾಣ ನಿಷೇಧ, ಆಸ್ತಿ ಮುಟ್ಟುಗೋಲು, ವ್ಯಾಪಾರ ನಿರ್ಬಂಧಗಳು ಬರುತ್ತವೆ.

ಮೌನಕ್ಕೂ ಅರ್ಥವಿದೆ. 2020ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಡೊನಾಲ್ಡ್ ಟ್ರಂಪ್ ಒಪ್ಪದಿದ್ದಾಗ ಭಾರತದ ಪ್ರಧಾನಿಯೂ ಸೇರಿ ಬಹುತೇಕ ನಾಯಕರು ಜೋ ಬೈಡನ್ ಅವರನ್ನು ಕೂಡಲೇ ಅಭಿನಂದಿಸಿದರು. ರಷ್ಯ, ಮೆಕ್ಸಿಕೋ ಹಾಗೂ ಬ್ರೆಜಿಲ್ ನಾಯಕರು ಮಾತ್ರ ಡಿಸೆಂಬರ್ 14ರಂದು ಚುನಾಯಕ ಗಣದ ಮತದಾನ ಮುಗಿಯುವವರೆಗೆ ಕಾದರು.

ಕಾನೂನಿನ ದೃಷ್ಟಿಯಿಂದ ರಾಷ್ಟ್ರಕ್ಕೆ ಮಾನ್ಯತೆ ನೀಡುವುದು ಬೇರೆ, ಸರ್ಕಾರಕ್ಕೆ ಮಾನ್ಯತೆ ನೀಡುವುದು ಬೇರೆ. ಪರದೇಶದ ಸರ್ಕಾರ ನ್ಯಾಯಬದ್ಧವೋ ಅಲ್ಲವೋ ಎಂದು ತೀರ್ಪು ಕೊಡುವುದು ತನ್ನ ಕೆಲಸವಲ್ಲವೆಂದು ಮೆಕ್ಸಿಕೋದ ವಿದೇಶಾಂಗ ಸಚಿವ ಹೆನಾರೊ ಎಸ್ತ್ರಾದಾ 1930ರಲ್ಲಿಯೇ ಸಾರಿದ್ದರು. ಬ್ರಿಟನ್ ಕೂಡ 1980ರಲ್ಲಿ ಸರ್ಕಾರಗಳಿಗೆ ಪ್ರತ್ಯೇಕ ಮಾನ್ಯತೆ ಘೋಷಿಸುವ ಪದ್ಧತಿಯನ್ನು ಕೈಬಿಟ್ಟಿತು. ಭಾರತದ ನಡೆಯೂ ಬಹುಮಟ್ಟಿಗೆ ಇದೇ ಬಗೆಯದು: ಆಂತರಿಕ ವ್ಯವಹಾರದಲ್ಲಿ ಕೈಹಾಕದಿರುವುದು, ವಾಸ್ತವವಾಗಿ ಆಡಳಿತ ನಡೆಸುವವರೊಡನೆ ವ್ಯವಹರಿಸುವುದು.

ಗೇರುಬೀಜದ ನಾಡಿನಲ್ಲಿ ಇಬ್ಬರು ಅಧ್ಯಕ್ಷರು

ಈ ಮೆಟ್ಟಿಲುಗಳೆಲ್ಲವೂ ಒಂದೇ ಪ್ರಕರಣದಲ್ಲಿ ಕಂಡುಬಂದದ್ದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ, 2010-11ರಲ್ಲಿ. ಆ ದೇಶ ನಮಗೆ ತೋರುವಷ್ಟು ದೂರದ್ದಲ್ಲ. ಭಾರತದ ಗೋಡಂಬಿ ಕಾರ್ಖಾನೆಗಳಿಗೆ ಸ್ವದೇಶಿ ಬೆಳೆ ಸಾಲದೆ, ಕಚ್ಚಾ ಗೇರುಬೀಜದ ಬಹುದೊಡ್ಡ ಪಾಲು ಆಫ್ರಿಕದಿಂದ ಆಮದಾಗುತ್ತದೆ. ಮಂಗಳೂರು ಹಾಗೂ ಉಡುಪಿ ಕಡೆಯ ಕಾರ್ಖಾನೆಗಳೂ ಈ ಆಮದನ್ನು ಅವಲಂಬಿಸಿವೆ. ಅಲ್ಲಿ ಸಿಪ್ಪೆ ಬಿಡಿಸುವ ಸಾವಿರಾರು ಮಹಿಳೆಯರ ದಿನಗೂಲಿಯೂ ಅದಕ್ಕೆ ಗಂಟುಬಿದ್ದಿದೆ. ಘಟ್ಟ ಹತ್ತಿ ಹುಬ್ಬಳ್ಳಿಯ ಕಿರಾಣಿ ಪೇಟೆಗೆ ಬರುವ ಗೋಡಂಬಿಯ ದರವೂ ಆ ಆಮದಿನಿಂದ ಹೊರತಾದುದಲ್ಲ. ಐವರಿ ಕೋಸ್ಟ್ ಇಂದು ಕಚ್ಚಾ ಗೇರುಬೀಜದ ಉತ್ಪಾದನೆಯಲ್ಲಿ ಪ್ರಪಂಚದ ಅಗ್ರಗಣ್ಯ ರಾಷ್ಟ್ರ. ಕೋಕೋ ಉತ್ಪಾದನೆಯಲ್ಲಿಯೂ ಅದೇ ಪ್ರಥಮ.

2010ರ ನವೆಂಬರ್ 28ರಂದು ಅಲ್ಲಿ ಅಧ್ಯಕ್ಷ ಪದವಿಗೆ ಎರಡನೇ ಸುತ್ತಿನ ಮತದಾನ ನಡೆಯಿತು. ಡಿಸೆಂಬರ್ 2ರಂದು ಚುನಾವಣಾ ಆಯೋಗವು ಅಲಸಾನ್ ವಟಾರಾ ಅವರಿಗೆ ಶೇ. 54.1 ಮತ ದೊರೆತಿದೆಯೆಂದು ಸಾರಿತು. ಮರುದಿನವೇ ಸಂವಿಧಾನ ಮಂಡಳಿಯು ಉತ್ತರ ಭಾಗದ ಏಳು ವಿಭಾಗಗಳ ಮತಗಳನ್ನು ರದ್ದುಪಡಿಸಿ, ಅಧಿಕಾರದಲ್ಲಿದ್ದ ಲೋರಾಂ ಗ್ಬಾಗ್ಬೋ ಅವರೇ ಶೇ. 51.45 ಮತಗಳಿಂದ ಗೆದ್ದರೆಂದು ಘೋಷಿಸಿತು. ಡಿಸೆಂಬರ್ 4ರಂದು ಇಬ್ಬರೂ ಪ್ರತ್ಯೇಕವಾಗಿ ಪ್ರಮಾಣವಚನ ಸ್ವೀಕರಿಸಿದರು. ಗ್ಬಾಗ್ಬೋ ಕೈಯಲ್ಲಿ ಅರಮನೆ, ಸೇನೆ, ದಕ್ಷಿಣದ ಬಂದರುಗಳು. ವಟಾರಾ ಇದ್ದುದು ವಿಶ್ವಸಂಸ್ಥೆಯ ಸೈನಿಕರ ಕಾವಲಿನಲ್ಲಿದ್ದ ಒಂದು ಹೋಟೆಲಿನಲ್ಲಿ. ಗೇರುಬೀಜ ಬೆಳೆಯುವ ಉತ್ತರ ಪ್ರಾಂತವಾದರೋ ಗ್ಬಾಗ್ಬೋ ಹಿಡಿತದಲ್ಲಿರಲಿಲ್ಲ. ಅಂದರೆ ಮಾಲು ಒಬ್ಬರ ಸೀಮೆಯಲ್ಲಿ, ಹಡಗು ಹತ್ತಿಸುವ ಬಂದರು ಇನ್ನೊಬ್ಬರ ವಶದಲ್ಲಿ.

ಶಾಂತಿ ಒಪ್ಪಂದದ ಮೇರೆಗೆ ಈ ಚುನಾವಣೆಯನ್ನು ದೃಢೀಕರಿಸುವ ಹೊಣೆ ವಿಶ್ವಸಂಸ್ಥೆಯ ಪ್ರತಿನಿಧಿಗೆ ಇತ್ತು. ಅವರು ವಟಾರಾ ಗೆದ್ದರೆಂದು ದೃಢೀಕರಿಸಿದರು. ಅಮೆರಿಕ ಮತ್ತು ಫ್ರಾನ್ಸ್ ಅಧ್ಯಕ್ಷರು ಡಿಸೆಂಬರ್ 3ರಂದೇ ವಟಾರಾ ಅವರನ್ನು ಅಭಿನಂದಿಸಿದರು. ನೆರೆಯ ರಾಷ್ಟ್ರಗಳ ಕೂಟವಾದ ಎಕೋವಾಸ್ ಡಿಸೆಂಬರ್ 7ರಂದು, ಆಫ್ರಿಕನ್ ಒಕ್ಕೂಟ 9ರಂದು ಐವರಿ ಕೋಸ್ಟ್‌ನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟವು. ದೃಢೀಕರಣದ ಅಧಿಕಾರವನ್ನೇ ಪ್ರಶ್ನಿಸಿದ ರಷ್ಯ ಭದ್ರತಾ ಮಂಡಳಿಯ ಹೇಳಿಕೆಯನ್ನು ಕೆಲವು ದಿನ ತಡೆಹಿಡಿಯಿತು. ಡಿಸೆಂಬರ್ 23ರಂದು ವಿಶ್ವಸಂಸ್ಥೆಯ ಮಹಾಸಭೆಯು ವಟಾರಾ ನೇಮಿಸಿದ ರಾಯಭಾರಿಯ ಅಧಿಕಾರ ಪತ್ರವನ್ನು ಅಂಗೀಕರಿಸಿತು.

ಸಹಿ ಬದಲಾದಾಗ

ವರ್ತಕರ ಪಾಲಿಗೆ ಅಂದಿನ ಬಹುಮುಖ್ಯ ನಿರ್ಧಾರ ನ್ಯೂಯಾರ್ಕಿನಲ್ಲಿ ಆದುದಲ್ಲ. ಐವರಿ ಕೋಸ್ಟ್ ಸೇರಿ ಪಶ್ಚಿಮ ಆಫ್ರಿಕದ 8 ದೇಶಗಳಿಗೆ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕು. ಅದೇ ಡಿಸೆಂಬರ್ 23ರಂದು ಈ ದೇಶಗಳ ಹಣಕಾಸು ಸಚಿವರು ಸಭೆ ಸೇರಿ, ಐವರಿ ಕೋಸ್ಟ್‌ನ ಖಾತೆಗಳ ಮೇಲೆ ವಟಾರಾ ನೇಮಿಸಿದವರ ಸಹಿಯೊಂದೇ ನಡೆಯತಕ್ಕದ್ದೆಂದು ತೀರ್ಮಾನಿಸಿದರು. ಆದಾಗ್ಯೂ ಗ್ಬಾಗ್ಬೋಗೆ ಹಣ ಸಿಗುತ್ತಿದೆಯೆಂಬ ಆಕ್ಷೇಪ ಬಲಗೊಂಡು, 2011ರ ಜನವರಿ 22ರಂದು ಕೇಂದ್ರ ಬ್ಯಾಂಕಿನ ಗವರ್ನರ್ ರಾಜೀನಾಮೆ ನೀಡಬೇಕಾಯಿತು. ಇದಕ್ಕೆ ಪ್ರತಿಯಾಗಿ ಗ್ಬಾಗ್ಬೋ ದೇಶದೊಳಗಿನ ಕೇಂದ್ರ ಬ್ಯಾಂಕಿನ ಶಾಖೆಗಳನ್ನೇ ವಶಪಡಿಸಿಕೊಂಡರು. ಚೆಕ್ಕುಗಳ ತೀರುವಳಿ ಅಸ್ತವ್ಯಸ್ತವಾಯಿತು. ಫೆಬ್ರವರಿ ಮಧ್ಯದಲ್ಲಿ ದೊಡ್ಡ ವಿದೇಶಿ ಬ್ಯಾಂಕುಗಳು ಒಂದಾದ ಮೇಲೊಂದರಂತೆ ವ್ಯವಹಾರ ನಿಲ್ಲಿಸಿದವು.

ಬಂದರುಗಳ ಮೇಲೂ ಇಂಥದೇ ಒತ್ತಡ ಬಿತ್ತು. ಜನವರಿ ಮಧ್ಯದಲ್ಲಿ ಐರೋಪ್ಯ ಒಕ್ಕೂಟವು ಅಬಿಜಾನ್ ಮತ್ತು ಸ್ಯಾನ್ ಪೆಡ್ರೊ ಬಂದರುಗಳ ಆಡಳಿತ ಸಂಸ್ಥೆಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಯೂರೋಪಿನ ಹಡಗುಗಳು ಅವುಗಳೊಡನೆ ಹೊಸ ವ್ಯವಹಾರ ಮಾಡುವಂತಿರಲಿಲ್ಲ. ಅದೇ ತಿಂಗಳ ಕೊನೆಯ ವಾರದಲ್ಲಿ ವಟಾರಾ ಕೋಕೋ ರಫ್ತನ್ನು ಒಂದು ತಿಂಗಳ ಮಟ್ಟಿಗೆ ತಡೆಯುವಂತೆ ಕರೆ ಕೊಟ್ಟರು. ಎದುರಾಳಿಗೆ ತೆರಿಗೆ ಹಣ ಸೇರಬಾರದೆಂಬುದೇ ಇದರ ಉದ್ದೇಶ. ಕೋಕೋ ದರ ಅಂತರರಾಷ್ಟ್ರೀಯ ಪೇಟೆಯಲ್ಲಿ ಮೂರು ದಶಕಗಳಲ್ಲಿ ಕಾಣದ ಎತ್ತರಕ್ಕೆ ಏರಿತು.

ಫೆಬ್ರವರಿಯಿಂದ ಜೂನ್‌ವರೆಗಿನ ಅವಧಿಯೇ ಅಲ್ಲಿ ಗೇರುಬೀಜದ ಸುಗ್ಗಿ. ಬ್ಯಾಂಕು ಮುಚ್ಚಿದರೆ ರೈತನಿಗೆ ನಗದು ಕೊಡುವ ದಾರಿಯೇ ಇರುವುದಿಲ್ಲ. ಮುಂಗಡ ಕೊಟ್ಟ ಖರೀದಿದಾರನಿಗೆ ಮಾಲು ಬರುವ ಖಾತ್ರಿ ಇರುವುದಿಲ್ಲ. ಇದಾವುದೂ ಬೆಳೆ ಹಾನಿಯಿಂದಲೋ ದರ ಕುಸಿತದಿಂದಲೋ ಉಂಟಾದ ಸಂಕಷ್ಟವಲ್ಲ. ಒಬ್ಬರ ಸಹಿಯನ್ನು ಹೊರಗಿನವರು ಒಪ್ಪದೆ ಇನ್ನೊಬ್ಬರ ಸಹಿಯನ್ನು ಒಪ್ಪಿದುದರ ಪರಿಣಾಮ.

ಹಣ ಬತ್ತಿದ ಮೇಲೂ ಗ್ಬಾಗ್ಬೋ ಜಗ್ಗಲಿಲ್ಲ. ಮಾರ್ಚ್ ಅಂತ್ಯದಲ್ಲಿ ಯುದ್ಧ ಅಬಿಜಾನ್ ನಗರವನ್ನು ಮುಟ್ಟಿತು. ಏಪ್ರಿಲ್ 11ರಂದು ಅವರ ಬಂಧನವಾಯಿತು. ಈ ಕಲಹದಲ್ಲಿ ಸುಮಾರು 3,000 ಜನ ಪ್ರಾಣ ಕಳೆದುಕೊಂಡರು. ಗ್ಬಾಗ್ಬೋ ಗೆದ್ದರೆಂದು ಡಿಸೆಂಬರ್‌ನಲ್ಲಿ ಸಾರಿದ್ದ ಅದೇ ಸಂವಿಧಾನ ಮಂಡಳಿ ಮೇ ತಿಂಗಳಲ್ಲಿ ವಟಾರಾ ಅವರಿಗೆ ಪ್ರಮಾಣವಚನ ಬೋಧಿಸಿತು.

ಭಾರತದ ನಿಲುವು

ಆ ಕಾಲದಲ್ಲಿ ಭಾರತದ ವಿದೇಶಾಂಗ ಖಾತೆಯನ್ನು ಹೊತ್ತಿದ್ದವರು ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ. 2011ರ ಜನವರಿ 1ರಿಂದ ಭಾರತ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯ ರಾಷ್ಟ್ರವೂ ಆಗಿತ್ತು. ಹೀಗಾಗಿ ಬರಿದೆ ಮೌನ ತಾಳುವುದು ಸಾಧ್ಯವಿರಲಿಲ್ಲ. ಎಕೋವಾಸ್ ಹಾಗೂ ಆಫ್ರಿಕನ್ ಒಕ್ಕೂಟಗಳು ವಟಾರಾ ಪರ ನಿಂತಿದ್ದವು. ಮಾರ್ಚ್ 30ರಂದು ಗ್ಬಾಗ್ಬೋ ಅಧಿಕಾರ ಬಿಡಬೇಕೆಂದು ಆಗ್ರಹಿಸಿದ 1975ನೇ ಸಂಖ್ಯೆಯ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾದಾಗ ಭಾರತವೂ ಪರವಾಗಿ ಮತ ನೀಡಿತು. ಆದರೆ ಶಾಂತಿಪಾಲನಾ ಪಡೆಗಳು ಸರ್ಕಾರ ಬದಲಿಸುವ ಸಾಧನಗಳಾಗಬಾರದು ಎಂಬ ಎಚ್ಚರಿಕೆಯನ್ನೂ ಸಭೆಯಲ್ಲಿ ದಾಖಲಿಸಿತು. ಕೆಲವೇ ದಿನಗಳಲ್ಲಿ ಅಬಿಜಾನ್‌ನ ಭಾರತೀಯ ರಾಯಭಾರಿಯ ನಿವಾಸದ ಮೇಲೆಯೇ ದಾಳಿ ನಡೆದು, ಅವರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಬೇಕಾಯಿತು.

ಭಾರತ ಯಾವಾಗಲೂ ಕಡೆಯಲ್ಲಿ ಮಾತನಾಡುತ್ತದೆಂದು ಇದರಿಂದ ತಿಳಿಯಬೇಕಾಗಿಲ್ಲ. ನೆರೆಮನೆಯ ವಿಷಯ ಬೇರೆ. 2018ರ ಸೆಪ್ಟೆಂಬರ್ 23ರಂದು ಮಾಲ್ಡೀವ್ಸ್‌ನಲ್ಲಿ ಮತದಾನವಾಯಿತು. ಅಧಿಕೃತ ಫಲಿತಾಂಶ ಪ್ರಕಟವಾಗುವ ಮುನ್ನವೇ, ಮರುದಿನ ಭಾರತ ಇಬ್ರಾಹಿಂ ಸೋಲಿ ಅವರನ್ನು ಅಭಿನಂದಿಸಿ, ಆಯೋಗವು ಫಲಿತಾಂಶವನ್ನು ಬೇಗನೆ ದೃಢಪಡಿಸಲೆಂದು ಆಶಿಸಿತು. ಮುಂದೆ ಅಧ್ಯಕ್ಷ ಯಾಮೀನ್ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಅವರ ಅರ್ಜಿ ವಜಾ ಆಯಿತು. ಫಲಿತಾಂಶವನ್ನು ಅಲುಗಿಸಲು ಅವಕಾಶ ಇರಬಾರದೆಂಬ ಸೂಚನೆ ಆ ತ್ವರಿತ ಸಂದೇಶದಲ್ಲಿತ್ತು.

ಅಭಿನಂದನೆ ಶಾಶ್ವತ ಭದ್ರತೆಯಲ್ಲವೆಂಬುದಕ್ಕೆ ಬಾಂಗ್ಲಾದೇಶ ನಿದರ್ಶನ. ಮುಖ್ಯ ವಿರೋಧ ಪಕ್ಷ ಬಹಿಷ್ಕರಿಸಿದ್ದ 2024ರ ಜನವರಿ 7ರ ಚುನಾವಣೆಯ ಮರುದಿನವೇ ಭಾರತದ ಪ್ರಧಾನಿ ಶೇಖ್ ಹಸೀನಾ ಅವರನ್ನು ಅಭಿನಂದಿಸಿದರು. ಅದೇ ದಿನ ಅಮೆರಿಕ ಆ ಚುನಾವಣೆ ಮುಕ್ತವೂ ನ್ಯಾಯಸಮ್ಮತವೂ ಆಗಿರಲಿಲ್ಲವೆಂದಿತು. ಆಗಸ್ಟ್ 5ರಂದು ಹಸೀನಾ ಸರ್ಕಾರ ಉರುಳಿತು. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶವು ಭೂಗಡಿ ಮಾರ್ಗವಾಗಿ ಭಾರತದ ನೂಲು ತರುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಭಾರತ ಅಲ್ಲಿನ ಸಿದ್ಧ ಉಡುಪುಗಳಿಗೆ ಭೂಗಡಿಯ ಬಾಗಿಲು ಮುಚ್ಚಿತು. ಹತ್ತಿ ಬೆಳೆಯುವ ನಮ್ಮ ಸೀಮೆಯವರು ಇದನ್ನು ಲಘುವಾಗಿ ಪರಿಗಣಿಸಲಾಗದು.

ವರ್ತಕರು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ವಿವಾದವೆದ್ದಾಗ ದೂರದ ಮಹಾಶಕ್ತಿಗಳ ಹೇಳಿಕೆಗಿಂತ ನೆರೆರಾಷ್ಟ್ರಗಳ ಕೂಟದ ತೀರ್ಮಾನವನ್ನು ಮೊದಲು ನೋಡತಕ್ಕದ್ದು. ಆ ದೇಶದ ರಸ್ತೆ, ನಾಣ್ಯ, ಗಡಿಗಳು ಬಹುಮಟ್ಟಿಗೆ ನೆರೆಯವರ ಕೈಯಲ್ಲಿರುತ್ತವೆ. ಭಾರತದ ಅಧಿಕೃತ ನಿಲುವೂ ಅನೇಕ ವೇಳೆ ಆ ಕೂಟದ ದಾರಿಯನ್ನೇ ಹಿಡಿಯುತ್ತದೆ.

ಎರಡನೆಯದಾಗಿ, ಗಾದಿಯಲ್ಲಿ ಕುಳಿತವರು ಯಾರೆಂಬುದರ ಜೊತೆಗೆ ಕೇಂದ್ರ ಬ್ಯಾಂಕು ಯಾರ ಸಹಿಯನ್ನು ಒಪ್ಪುತ್ತದೆ, ಬಂದರು ಯಾರ ವಶದಲ್ಲಿದೆ ಎಂಬುದನ್ನು ವಿಚಾರಿಸಬೇಕು. ಈ ಎರಡೂ ಒಬ್ಬರದೇ ಆಗಿರದಿದ್ದರೆ ಹೊಸ ಮುಂಗಡ ಕೊಡುವುದು ಕ್ಷೇಮವಲ್ಲ. ಐವರಿ ಕೋಸ್ಟ್‌ನಲ್ಲಿ ಸಹಿಯ ತೀರ್ಮಾನಕ್ಕೂ ಬ್ಯಾಂಕುಗಳು ಮುಚ್ಚಿದ್ದಕ್ಕೂ ನಡುವೆ ಸುಮಾರು ಏಳು ವಾರಗಳ ಅವಧಿಯಿತ್ತು. ಗಮನಿಸಿದವರಿಗೆ ಅದು ಸಾಕಷ್ಟು ಕಾಲಾವಕಾಶ.

ಮೂರನೆಯದಾಗಿ, ನಿರ್ಬಂಧ ವಿಧಿಸುವ ದೇಶ ನಮ್ಮದಲ್ಲದಿದ್ದರೂ ಅದರ ಹಡಗು, ಬ್ಯಾಂಕು, ವಿಮೆಗಳು ನಮ್ಮ ವ್ಯವಹಾರದಲ್ಲಿ ಸೇರಿರುತ್ತವೆ. ಹಡಗು ಕಂಪನಿ ಯಾವ ದೇಶದ್ದು, ಎಲ್.ಸಿ. ಯಾವ ಬ್ಯಾಂಕಿನ ಮೂಲಕ ಸಾಗುತ್ತದೆ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಅರಿತಿರಬೇಕು.

ನಾಲ್ಕನೆಯದಾಗಿ, ರಫ್ತುದಾರರಿಗೆ ರಾಜಕೀಯ ಅಪಾಯದ ವಿರುದ್ಧ ರಕ್ಷಣೆ ನೀಡುವ ಇಸಿಜಿಸಿ ವಿಮೆ ಲಭ್ಯವಿದೆ. ಆಮದುದಾರರು ಸಾಗರ ವಿಮೆಯಲ್ಲಿ ಯುದ್ಧ ಹಾಗೂ ಗಲಭೆಗಳ ಷರತ್ತನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಬೇಕು. ವಿವಾದ ತಲೆದೋರಿದ ಮೇಲೆ ವಿಮೆ ದೊರೆಯುವುದು ಕಠಿಣ, ದೊರೆತರೂ ದುಬಾರಿ. ಆದ್ದರಿಂದ ಖರೀದಿ ಅಥವಾ ಮಾರಾಟದ ದೇಶಗಳ ಚುನಾವಣಾ ದಿನಾಂಕಗಳನ್ನು ವರ್ಷಾರಂಭದಲ್ಲಿಯೇ ಗುರುತು ಹಾಕಿಕೊಂಡು, ಸುಗ್ಗಿ ಮತ್ತು ಚುನಾವಣೆ ಒಟ್ಟಿಗೆ ಬರುವ ದೇಶದಿಂದ ಮಾಲು ತರಿಸುವವರು ಇನ್ನೊಂದು ದೇಶದ ಮೂಲವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಲೇಸು.