ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಈ ಎರಡು ಸಿರಿಂಜ್ ನೋಡಿ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಕಿತ್ತಳೆ. ಕೆಂಪಿನದು ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರೋ ಇನ್ಸುಲಿನ್‌ಗೆ, ಕಿತ್ತಳೆಯದು 100 ಯೂನಿಟ್ ಇರೋದಕ್ಕೆ. ನಮ್ಮಲ್ಲಿ ಎರಡೂ ಸಿಗುತ್ತವೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದರೋ, ಮೈಗೆ ಹೋಗೋದು 50 ಯೂನಿಟ್! ಶುಗರ್ ಧಡಕ್ಕನೆ ಇಳಿದು ಪ್ರಜ್ಞೆಯೇ ತಪ್ಪಬಹುದು. ಇಷ್ಟನ್ನೂ ಹೇಳೋ ಲೇಬಲ್ಲಿನ ಅಕ್ಷರ ಎಷ್ಟು ದೊಡ್ಡದು? ಸಾಸಿವೆ ಕಾಳಿನಷ್ಟು.

ಓದು ಕಡಿಮೆ ಇದ್ದವರಲ್ಲಿ ಶುಗರ್ ಹತೋಟಿ ತಪ್ಪೋದು, ಕಣ್ಣು, ಕಾಲು, ಕಿಡ್ನಿಗೆ ತೊಂದರೆಯಾಗೋದು ಹೆಚ್ಚು ಅಂತ ಹಲವು ದೇಶಗಳ ಅಧ್ಯಯನಗಳು ಹೇಳಿವೆ. ದುಡ್ಡು, ಕೂಲಿ ಬಿಟ್ಟು ಆಸ್ಪತ್ರೆಗೆ ಓಡಾಡೋ ಕಷ್ಟ, ಎಲ್ಲ ಇದರಲ್ಲಿ ಸೇರಿಕೊಂಡಿದೆ. ಬುದ್ಧಿ ಕಮ್ಮಿ ಅಂತ ಮಾತ್ರ ಅನ್ನಬೇಡಿ.

ಯಾಕೆ ಗೊತ್ತಾ? ಅಮೆರಿಕ, ಕೆನಡಾದಲ್ಲಿ 1983ರಿಂದ 1993ರವರೆಗೆ ಟೈಪ್ 1 ಮಧುಮೇಹದ 1,441 ಜನರ ಮೇಲೆ ಡಿಸಿಸಿಟಿ ಅನ್ನೋ ಪ್ರಯೋಗ ನಡೀತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ದಿನಕ್ಕೆ ಕನಿಷ್ಠ ಮೂರು ಇಂಜೆಕ್ಷನ್ ಅಥವಾ ಪಂಪ್, ತಿಂಗಳಿಗೊಮ್ಮೆ ಭೇಟಿ, ನಡುನಡುವೆ ಫೋನ್ ಮಾಡಿ ವಿಚಾರಿಸೋದು. 2002ರಲ್ಲಿ ಗೋಲ್ಡ್‌ಮನ್ ಮತ್ತು ಸ್ಮಿತ್ ಅನ್ನೋ ಅರ್ಥಶಾಸ್ತ್ರಜ್ಞರು ಆ ಲೆಕ್ಕ ಮತ್ತೆ ತೆಗೆದು ನೋಡಿದರು. ಹೀಗೆ ಬೆನ್ನು ಬಿಡದೆ ವಿಚಾರಿಸಿಕೊಂಡಾಗ ಹೆಚ್ಚು ಲಾಭ ಆಗಿದ್ದು ಕಡಿಮೆ ಓದಿದವರಿಗೇ!

ನಿಮ್ಮನೆ ಫ್ರಿಜ್ಜಿನ ಬಾಗಿಲಲ್ಲೂ ಅಜ್ಜಿಯ ಇನ್ಸುಲಿನ್ ಇದೆಯಾ? ಬಾಟಲಿ ಮೇಲೆ 40 ಅಂತಿದೆಯೋ, 100 ಅಂತಿದೆಯೋ, ಸಿರಿಂಜಿನ ಜೊತೆ ಒಮ್ಮೆ ತಾಳೆ ನೋಡಿ.